ಸ್ಟೆಬಿಲೈಜರ್ ಡಬ್ಬಿಯೊಳಗೆ ಒಂದು ಪ್ರೀಆಂಪ್

ಮೂರು ತಿಂಗಳಿಂದ ಭಾನುವಾರ ಬಂತೆಂದರೆ ನಾನು ಮಹಡಿ ಮೇಲಿನ ರೂಮು ಸೇರಿಬಿಡುತ್ತಿದ್ದೆ, ಪ್ರೀಆಂಪ್ ಕಟ್ಟೋದಕ್ಕೆ, ಅಂದರೆ ಯಾವ ಹಾಡು ಬೇಕು, ಎಷ್ಟು ಜೋರು ಬೇಕು ಅಂತ ಆರಿಸಿ ಪವರ್ ಆಂಪಿಗೆ ಕಳಿಸೋ ಡಬ್ಬಿ. ಸ್ಪೀಕರ್ ನಡೆಸೋ ಪವರ್ ಆಂಪ್ ಚೆನ್ನಾಗೇ ಇತ್ತು. ಆದರೆ ಅದಕ್ಕಿರೋದು ಒಂದೇ ಇನ್‌ಪುಟ್, ವಾಲ್ಯೂಮ್ ಕೂಡ ಇಲ್ಲ. ಫೋನು, ಟಿವಿ, ಸಿಡಿ ಪ್ಲೇಯರ್ ಅಂತ ದಿನಾ ಹಿಂದೆ ಕೈಹಾಕಿ ಪಿನ್ನು ಕಿತ್ತು ಚುಚ್ಚಿ ಸಾಕಾಗಿತ್ತು.

ಸರ್ಕ್ಯೂಟ್ ಅಂಥ ದೊಡ್ಡದೇನಲ್ಲ. ಇನ್‌ಪುಟ್ ಆರಿಸೋಕೆ ರೋಟರಿ ಸ್ವಿಚ್, ಆಮೇಲೆ ವಾಲ್ಯೂಮಿಗೆ 10 ಕೆ (ಕಿಲೋ ಓಮ್) ಲಾಗ್ ಪಾಟ್, ಆಮೇಲೆ ಎನ್‌ಇ5532 ಅನ್ನೋ ಒಂದು ಐಸಿ. ಅದರಲ್ಲಿ ಸಿಗ್ನಲ್ ದೊಡ್ಡದು ಮಾಡೋ ಆಪ್‌ಆಂಪ್ ಎರಡು ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಫೀಡ್‌ಬ್ಯಾಕಿಗೆ 2 ಕೆ, ಗ್ರೌಂಡಿಗೆ 1 ಕೆ ರೆಸಿಸ್ಟರ್ ಹಾಕಿದರೆ ಗೇನ್ 3, ಅಂದರೆ ಸಿಗ್ನಲ್ ಮೂರು ಪಟ್ಟು. ಸಾಕು. ಸಿಡಿ ಪ್ಲೇಯರೇ 2 ವೋಲ್ಟ್ ಕೊಡುತ್ತದೆ, ಗೇನ್ ಜಾಸ್ತಿ ಮಾಡಿದರೆ ವಾಲ್ಯೂಮ್ ಕಾಲು ಸುತ್ತು ತಿರುಗಿಸೋಷ್ಟರಲ್ಲಿ ಪಕ್ಕದ ಮನೆಯವರು ಬಂದು ನಿಂತಿರುತ್ತಾರೆ. ಊರಲ್ಲಿ 5532 ಕೇಳಿದರೆ 4558 ಕೈಗಿಟ್ಟು "ಇದೂ ಅದೇ ಸಾರ್" ಅಂದರು. ಪಿನ್ನುಗಳು ಒಂದೇ, ನಿಜ. ಆದರೆ ಹಾಡಿನ ಹಿಂದೆ ಸುಯ್ ಅನ್ನೋ ಸದ್ದು ಜಾಸ್ತಿ. ಕೊನೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ತಂದೆ. 40 ವರ್ಷಕ್ಕೂ ಹಳೆಯ ಐಸಿ ಅಂತ ಮೂಗು ಮುರಿಯೋರಿದ್ದಾರೆ. ನಾವು ಕೇಳೋ ಎಷ್ಟೋ ಹಾಡು ಸ್ಟುಡಿಯೋ ಮಿಕ್ಸರಿನೊಳಗೆ ಇಂಥವನ್ನೇ ಸಾಲುಸಾಲಾಗಿ ದಾಟಿ ಬಂದಿರುತ್ತದೆ, ಅಲ್ವಾ?

ಮೊದಲ ಎಡವಟ್ಟು ಪವರ್ ಸಪ್ಲೈಯಲ್ಲಿ. 15-0-15 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡೋ ಬ್ರಿಡ್ಜ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, ಆಮೇಲೆ ಪ್ಲಸ್ 15 ವೋಲ್ಟಿಗೆ 7815, ಮೈನಸ್ 15ಕ್ಕೆ 7915 ರೆಗ್ಯುಲೇಟರ್. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಅಂತ ಎರಡನ್ನೂ ಬಾಕ್ಸಿನ ತಗಡಿಗೇ ಸ್ಕ್ರೂ ಹಾಕಿ ಬಿಗಿದೆ. ಸ್ವಿಚ್ ಒತ್ತಿದ್ದೇ ತಡ, ಫ್ಯೂಸ್ ಹೋಯ್ತು. 7815ರ ಬೆನ್ನಿನ ಲೋಹ ಗ್ರೌಂಡ್, 7915ರದ್ದು ಇನ್‌ಪುಟ್! ಮೈನಸ್ 21 ವೋಲ್ಟನ್ನು ನೇರ ಬಾಕ್ಸಿಗೆ ತಾಗಿಸಿದ್ದೆ. ಎರಡರ ಕೆಳಗೂ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಹಾಕಿದ ಮೇಲೆ ಸರಿಹೋಯ್ತು. ಇರೋ ಒಂದು ಐಸಿಗೆ ಅಷ್ಟು ಕರೆಂಟೇ ಬೇಡ, ರೆಗ್ಯುಲೇಟರನ್ನು ತಗಡಿಗೆ ಬಿಗಿಯೋದೇ ಬೇಕಿರಲಿಲ್ಲ ಅನ್ನೋದು ಬೇರೆ ಮಾತು.

ಬಾಕ್ಸ್ ಅಂದೆನಲ್ಲ, ಹಳೇ ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಸಿಕ್ಕ ಸ್ಟೆಬಿಲೈಜರ್ ಡಬ್ಬಿ ಅದು. ಗಟ್ಟಿ ತಗಡು. ಮುಂದಿನ ಮುಳ್ಳಿನ ಮೀಟರು ಚೆಂದ ಇತ್ತು ಅಂತ ಹಾಗೇ ಬಿಟ್ಟೆ. ಅಮ್ಮ ನೋಡಿ, "ಫ್ರಿಡ್ಜಿಂದು ಬಿಚ್ಚಿದ್ಯೇನೋ?" ಅಂತ ಕೆಳಗೆ ಓಡಿದರು.

ಎಲ್ಲ ಜೋಡಿಸಿ ಆನ್ ಮಾಡಿದರೆ ಗುಂಯ್. ಹಾಡು ಬರ್ತಿದೆ, ಅದರ ಹಿಂದೆ ಗುಂಯ್. ಮಂಡಕ್ಕಿ ಮಿರ್ಚಿ ತಂದಿಟ್ಟ ಅಮ್ಮ, "ಇದೇನೋ, ಒಳಗೆ ಜೇನುಹುಳ ಸೇರ್ಕಂಡಂಗೆ ಐತಲ್ಲೋ" ಅಂದರು. ವಾಲ್ಯೂಮ್ ಸೊನ್ನೆಗೆ ಇಳಿಸಿದರೆ ಗುಂಯ್ ಕಮ್ಮಿಯಾಗ್ತಿತ್ತು, ಪೂರ್ತಿ ಹೋಗ್ತಿರಲಿಲ್ಲ. ಅಂದರೆ ಪಾಟಿನ ಹಿಂದೂ ಇದೆ, ಮುಂದೂ ಇದೆ. ತಲೆ ಕೆಟ್ಟು ಸುಮ್ನೆ ಪಾಟಿನ ಕಬ್ಬಿಣದ ಕಡ್ಡಿಯ ಮೇಲೆ ಬೆರಳಿಟ್ಟೆ. ಅರ್ಧ ಸದ್ದು ಮಾಯ. ಬೆರಳು ತೆಗೆದೆ, ಮತ್ತೆ ಬಂತು. ಪಾಟಿನ ಮೈ ಬಾಕ್ಸಿಗೆ ತಾಗಿರಲೇ ಇಲ್ಲ! ತಗಡಿಗೆ ದಪ್ಪ ಬಣ್ಣ ಬಳಿದಿದ್ದರು, ನಟ್ಟು ಆ ಬಣ್ಣದ ಮೇಲೆ ಕೂತಿತ್ತು. ಬ್ಲೇಡಿನಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೆರೆದು ತಗಡು ಹೊಳೆಯೋ ಹಾಗೆ ಮಾಡಿ ನಟ್ಟು ಬಿಗಿದೆ.

ಇನ್‌ಪುಟ್ ವೈರು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಹಾದುಹೋಗಿತ್ತು, ಅದನ್ನೂ ದೂರ ಸರಿಸಿದೆ. ಉಳಿದದ್ದು ಅರ್ತಿಂಗ್ ಗಲಾಟೆ. ಪ್ರೀಆಂಪಿಗೂ ಪವರ್ ಆಂಪಿಗೂ ತ್ರೀ ಪಿನ್, ನಡುವೆ ಸಿಗ್ನಲ್ ಕೇಬಲಿನ ಗ್ರೌಂಡ್. ಸೇರಿ ಒಂದು ದೊಡ್ಡ ಉಂಗುರ ಆಗಿ ಅದರಲ್ಲಿ ಮೇನ್ಸಿನ 50 ಹರ್ಟ್ಸ್ ಸುತ್ತು ಹಾಕ್ತಿತ್ತು, ಗುಂಯ್ ಅನ್ನೋದು ಅದೇ. "ಅರ್ತ್ ಪಿನ್ ಕಿತ್ತು ಬಿಸಾಕಿ" ಅನ್ನೋ ಸಲಹೆ ಪುಕ್ಕಟೆ ಸಿಗುತ್ತದೆ. ದಯವಿಟ್ಟು ಬೇಡ. ಒಳಗೆ ಒಂದು ಮೇನ್ಸ್ ವೈರು ಬಿಚ್ಚಿ ತಗಡಿಗೆ ತಾಗಿದರೆ ಕೈ ಇಟ್ಟವರ ಗತಿ? ಬಾಕ್ಸಿಗೆ ಅರ್ತ್ ಹಾಗೇ ಬಿಟ್ಟು, ಸರ್ಕ್ಯೂಟಿನ ಗ್ರೌಂಡನ್ನೆಲ್ಲ ಒಂದೇ ಕಡೆ ಸೇರಿಸಿ, ಆ ಉಂಗುರದ ಕರೆಂಟಿಗೆ ತಡೆಯಾಗಲಿ ಅಂತ ಅಲ್ಲಿಂದ ಬಾಕ್ಸಿಗೆ 10 ಓಮ್ ರೆಸಿಸ್ಟರ್ ಹಾಕಿದೆ. ಸಿಗ್ನಲ್ ಕೇಬಲ್ ಚುಚ್ಚೋ ಹಿಂದಿನ ಆರ್‌ಸಿಎ ಸಾಕೆಟ್‌ಗಳು ತಗಡಿಗೆ ತಾಗದ ಹಾಗೆ ವಾಷರ್ ಹಾಕಿದೆ.

ಈಗ ರಾತ್ರಿ ಫ್ಯಾನ್ ಆಫ್ ಮಾಡಿ ಸ್ಪೀಕರಿಗೆ ಕಿವಿ ಒತ್ತಿ ಹಿಡಿದರೆ ಸಣ್ಣಗೆ ಸುಯ್ ಅಂತ ಕೇಳುತ್ತದೆ, ಅಷ್ಟೇ. ಇನ್‌ಪುಟ್ ಸ್ವಿಚ್ ತಿರುಗಿಸಿದಾಗ ಮಾತ್ರ ಟಪ್ ಅನ್ನುತ್ತದೆ. ಪ್ರತಿ ಇನ್‌ಪುಟ್ಟಿನಿಂದ ಗ್ರೌಂಡಿಗೆ 1 ಮೆಗ್ (ಮೆಗಾ ಓಮ್) ರೆಸಿಸ್ಟರ್ ಹಾಕೋದು ಮರೆತಿದ್ದೆ. ಮೂರು ಇನ್‌ಪುಟ್, ಎರಡೆರಡು ಚಾನಲ್, ಆರು ರೆಸಿಸ್ಟರ್. ತಂದಿಟ್ಟಿದ್ದೇನೆ. ಡಬ್ಬಿಯ ಹನ್ನೆರಡು ಸ್ಕ್ರೂ ಮತ್ತೆ ಬಿಚ್ಚಬೇಕು.