ಸುಮ್ನ ಕುಂದರ್ರಿ ಕಾಕಾ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆಯ ರಸ್ತೆಗಳ ಕಳೆಯೇ ಬೇರೆ. ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ಕಂಬಿ (ಸಿಂಗರಿಸಿದ ಕಾವಡಿ) ಹೊತ್ತು ಗುಂಪು ಗುಂಪಾಗಿ ಬರುತ್ತಾರೆ. ಯಾರು, ಯಾವ ಊರು ಅಂತ ಯಾರೂ ಕೇಳುವುದಿಲ್ಲ. ರಸ್ತೆ ಪಕ್ಕ ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ, ಪಲ್ಯ ಕೊಡುತ್ತಾರೆ. ಗುಳ್ಳೆ ಎದ್ದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಇರುತ್ತಾರೆ. ಊಟ ಹಾಕುವವರು ಬೇಕಾದಷ್ಟು ಜನ ಸಿಗಬಹುದು. ಗುರುತಿಲ್ಲದವರ ಧೂಳು ಹಿಡಿದ ಕಾಲು ಹಿಡಿಯೋಕೆ ಬೇರೆಯೇ ಮನಸ್ಸು ಬೇಕು, ಅಲ್ವಾ?

ಇಳಕಲ್ ರಸ್ತೆಯಲ್ಲಿ ಒಬ್ಬ ಹಿರಿಯರು ನಾಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕಾಲೇಜು ಹುಡುಗ ಬಿಡಲಿಲ್ಲ. "ಸುಮ್ನ ಕುಂದರ್ರಿ ಕಾಕಾ, ಇನ್ನ ಭಾಳ ನಡೀಬೇಕ ನೀವು" ಅಂತ ಗದರಿಯೇ ಬಿಟ್ಟ.

ಯಾತ್ರೆ ಮುಗಿದ ಮೇಲೂ ಇಂಥದ್ದು ನಡೆದೇ ಇರುತ್ತದೆ. ಬಸ್ಸಿನಲ್ಲಿ ನಿಂತವರ ಚೀಲ ಕೂತವರ ತೊಡೆ ಮೇಲೆ. ಅಂಗಡಿ ಮುಂದೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ. ಬಟ್ಟೆಯ ನೀರು ಆರುತ್ತಾ ಹೋದಂತೆ ಒಳಗಿನ ನೀರು ತಣ್ಣಗಾಗುತ್ತದೆ. ಆದರೆ ಈ ಬಿಸಿಲಿಗೆ ಬಟ್ಟೆ ಬೇಗ ಒಣಗುತ್ತದೆ, ಯಾರಾದರೂ ಆಗಾಗ ನೀರು ಚಿಮುಕಿಸಲೇಬೇಕು. ಅದು ಯಾರು ಅಂತ ಕುಡಿಯುವವರಿಗೆ ಗೊತ್ತೇ ಇರುವುದಿಲ್ಲ.

ಹೋದ ವಾರ ನನಗೆ ಜ್ವರ. ಗೆಳತಿ ಡಬ್ಬಿ ತುಂಬ ಮೆತ್ತನೆ ರೊಟ್ಟಿ, ಬ್ಯಾಳಿ ಕಳಿಸಿದ್ದಳು. ನಮ್ಮ ಕಡೆ ಡಬ್ಬಿ ಖಾಲಿ ವಾಪಸ್ ಕೊಡುವ ರೂಢಿ ಇಲ್ಲ. ಶೇಂಗಾ ಹೋಳಿಗೆ ಮಾಡೋಣ ಅಂತ ಹೊರಟಿದ್ದೇನೆ. ಒಲೆ ಮೇಲೆ ಶೇಂಗಾ ಇದೆ, ಸೀದು ಹೋಗುವ ಮೊದಲು ಏಳುತ್ತೇನೆ.