ದುಬೈಯಲ್ಲಿ ಇಳಿದ ಮೇಲೆ ಫೋನಿಗೆ ನೆಟ್: ಬಾಗಿಲು ದಾಟುವ ಮೊದಲು ಓದಿ

ಮಗಳ ಬಾಣಂತನಕ್ಕೆಂದು ಕಳೆದ ನವೆಂಬರಿನಲ್ಲಿ ದುಬೈಗೆ ಹೋಗಿದ್ದೆ. ಒಬ್ಬಳೇ. ವಿಮಾನ ಹತ್ತಿದ್ದೂ ಅದೇ ಮೊದಲು. ಊರಿಗೆ ಬಂದ ಮೇಲೆ, ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಮೂರು ನಾಲ್ಕು ಮಂದಿ ಫೋನ್ ಮಾಡಿ, "ಅಲ್ಲಿ ಇಳಿದ ಕೂಡಲೇ ಮೊಬೈಲಿಗೆ ಏನು ಮಾಡಿದ್ರಿ?" ಎಂದು ಕೇಳಿದರು. ಎಲ್ಲರ ಮಕ್ಕಳೂ ಆ ಕಡೆಯೇ ಅಲ್ವಾ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದೇ ಬಿಡುತ್ತೇನೆ. ಆ ರಾತ್ರಿ ನಾನು ಪಟ್ಟ ಗಾಬರಿ ಇನ್ನೊಬ್ಬರಿಗೆ ಬೇಡ.

ತಪ್ಪು ಊರಿನಲ್ಲೇ ಶುರುವಾಗಿತ್ತು. ಹೊರಡುವ ಎರಡು ದಿನ ಮೊದಲು ಪೇಟೆಯ ಒಂದು ರೀಚಾರ್ಜ್ ಅಂಗಡಿಗೆ ಹೋದೆ. "ದುಬೈಗೆ ಹೋಗ್ಲಿಕ್ಕುಂಟು, ಅಲ್ಲಿ ನೆಟ್ ಬೇಕು" ಎಂದೆ. ಅಂಗಡಿಯವರು ₹ 900 ಚಿಲ್ಲರೆ ತೆಗೆದುಕೊಂಡು ಏನೋ ಒಂದು ಪ್ಯಾಕ್ ಹಾಕಿದರು. ಮೆಸೇಜ್ ಬಂತು. ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ವಯಸ್ಸಿನವರಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಅಷ್ಟಾಗಿ ಬರುವುದಿಲ್ಲ. "ಆಯ್ತಕ್ಕ, ಎಲ್ಲ ಸರಿಯಾಗಿದೆ" ಎಂದರು, ನಂಬಿದೆ. ಅದು ಹಾಕಿದ ದಿನದಿಂದಲೇ ಲೆಕ್ಕ ಶುರುವಾಗುವ ಎರಡು ದಿನದ ಪ್ಯಾಕ್. ನಾನು ಇಳಿಯುವಾಗ ಅದು ಮುಗಿದಿತ್ತು. ಆ ಮೆಸೇಜಿನಲ್ಲಿ ಅದೂ ಬರೆದಿತ್ತೆಂದು ಆಮೇಲೆ ಅಳಿಯ ಓದಿ ಹೇಳಿದರು.

ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ರೋಮಿಂಗ್ ಎಂದು ಕಾಸು ಹೋಗುತ್ತಿದ್ದ ಕಾಲ ನಮ್ಮ ಗಡಿಯವರಿಗೆ ಇನ್ನೂ ನೆನಪಿದೆ. ಮಂಗಳೂರಿನ ಆಸ್ಪತ್ರೆಗೆ ಹೋದರೂ ಕಾಲ್ ತೆಗೆಯಲು ಹೆದರುತ್ತಿದ್ದೆವು. ದೇಶದ ಒಳಗೆ ಈಗ ಆ ತಾಪತ್ರಯ ಇಲ್ಲ. ಹೊರದೇಶಕ್ಕೆ ಈಗಲೂ ಉಂಟು. ಹಾಗಾಗಿ ಪ್ಯಾಕ್ ಹಾಕಿಸುವವರು ದುಡ್ಡು ಕೊಡುವ ಮೊದಲೇ ಕೇಳಿ: ಯುಎಇಗೆ (ದುಬೈ ಇರುವ ದೇಶಕ್ಕೆ) ಇದು ನಡೆಯುತ್ತದಾ, ದಿನ ಯಾವಾಗಿಂದ ಎಣಿಸುತ್ತಾರೆ, ಡೇಟಾ ಉಂಟಾ ಬರೀ ಕಾಲಾ. ಮೆಸೇಜನ್ನು ಮಲಯಾಳ ಓದಲು ಬರುವ ಮಕ್ಕಳಿಂದ ಅಲ್ಲೇ ಓದಿಸಿ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡ್, ಪೊಳಲಿ ದಾರಿಯಾಗಿ ಬಜ್ಪೆ ವಿಮಾನ ನಿಲ್ದಾಣ. ಒಂದು ಮಾತು ಮಾತ್ರ. ಬಾಣಂತಿಗೆಂದು ಲೇಹ್ಯ, ಮೆಂತೆ, ಓಮ ಎಲ್ಲ ಕಟ್ಟುವಾಗ ಗಸಗಸೆ ಇಡಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧ, ಸ್ವಲ್ಪ ಇದ್ದರೂ ತೊಂದರೆ. ಮಗಳು ಮೊದಲೇ ಹೇಳಿದ್ದರಿಂದ ನಾನು ತೆಗೆದಿಟ್ಟಿದ್ದೆ.

ದುಬೈಯಲ್ಲಿ ಇಳಿಯುವಾಗ ಅಲ್ಲಿನ ಗಂಟೆ ಹತ್ತೂವರೆ. ನಮ್ಮಲ್ಲಿ ಹನ್ನೆರಡು. ಏರ್‌ಪೋರ್ಟಿನ ವೈಫೈ ಸುಲಭವಾಗಿ ಸಿಕ್ಕಿತು. ದುಡ್ಡಿಲ್ಲ, ನನ್ನ ಹತ್ತಿರ ಒಟಿಪಿಯನ್ನೂ ಕೇಳಲಿಲ್ಲ. "ಇಳಿದೆ" ಎಂದು ವಾಟ್ಸಾಪಿನಲ್ಲಿ ಹಾಕಿದೆ, ಹೋಯಿತು. "ಹೊರಗೆ ಬಂದು ಕಾಲ್ ಮಾಡಿ ಅತ್ತೆ, ನಾನು ಪಾರ್ಕಿಂಗ್‌ನಲ್ಲಿದ್ದೇನೆ" ಎಂದು ಅಳಿಯನ ಉತ್ತರ ಬಂತು. ಆಗಲೇ ವಾಟ್ಸಾಪಿನಲ್ಲೇ ಕಾಲ್ ಮಾಡಿ ನೋಡಿದೆ. ಹೋಗಲಿಲ್ಲ. ಪುನಃ ಮಾಡಿದೆ. ಹೋಗಲಿಲ್ಲ. ಮನೆಗೆ, ಇವರಿಗೆ ಮಾಡಿದೆ. ಅದೂ ಇಲ್ಲ.

ಇದು ನನಗೆ ಯಾರೂ ಹೇಳದ ಸಂಗತಿ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಫೋಟೋ ಹೋಗುತ್ತದೆ, ವಾಯ್ಸ್ ಮೆಸೇಜ್ ಹೋಗುತ್ತದೆ. ಕಾಲ್ ಮಾತ್ರ ತಡೆದಿದ್ದಾರೆ, ವಿಡಿಯೋ ಕಾಲ್ ಕೂಡ. ಇಂಟರ್‌ನೆಟ್ ಮೇಲೆ ಮಾತಾಡುವ ಆ್ಯಪ್‌ಗಳಿಗೆ ಅಲ್ಲಿ ಸರಕಾರದ ಅನುಮತಿ ಬೇಕು. ಅನುಮತಿ ಇರುವ ಬೋಟಿಮ್ ತರಹದ ಆ್ಯಪ್ ಬಳಸುತ್ತಾರೆ. ಮಗಳಿಗೆ ಅದು ದಿನನಿತ್ಯದ ಮಾತು, ಹೇಳಬೇಕೆಂದೇ ಹೊಳೆದಿರಲಿಲ್ಲ. ನಾನು ಮಾತ್ರ ಫೋನ್ ಹಾಳಾಯಿತೆಂದು ತಿಳಿದುಕೊಂಡೆ.

ಆ ಗಾಬರಿಯಲ್ಲೇ ಸಿಮ್ ಕೌಂಟರಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗನ ಹತ್ತಿರ ನನಗೆ ಗೊತ್ತಿದ್ದ ಹಿಂದಿಯಲ್ಲಿ ಸಣ್ಣ ಪ್ಯಾಕ್ ಕೇಳಿದೆ. ಇಲ್ಲ, ಇದೇ ಇರುವುದು ಎಂದು 125 ದಿರ್ಹಮಿನದನ್ನು ಮುಂದಿಟ್ಟ. ನಾನು ದಿರ್ಹಮಿಗೆ ₹ 23ರ ಲೆಕ್ಕದಲ್ಲಿ ಬದಲಾಯಿಸಿದ್ದೆ, ಅಂದರೆ ₹ 2,875. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದರು, ಅದು ನಿಯಮ, ಕೊಡಲೇಬೇಕು. ನನ್ನ ಫೋನಿನಲ್ಲಿ ಎರಡನೇ ಸಿಮ್ಮಿನ ಜಾಗದಲ್ಲಿ ಮೆಮೊರಿ ಕಾರ್ಡ್ ಇತ್ತು. ಅದನ್ನು ತೆಗೆದು ಕೈಗೆ ಕೊಟ್ಟರು. ಮಗಳ ಸೀಮಂತದ ಫೋಟೋಗಳೆಲ್ಲ ಅದರಲ್ಲಿದ್ದವು. ಪರ್ಸಿನ ಮೂಲೆಯಲ್ಲಿಟ್ಟು ಮೂರು ಸಲ ಮುಟ್ಟಿ ನೋಡಿಕೊಂಡೆ. "ಐದು ನಿಮಿಷದಲ್ಲಿ ಚಾಲೂ ಆಗ್ತದೆ, ಹೋಗಿ" ಎಂದರು. ಹೊರಟೆ.

ಹೊರಗೆ ಬಂದೆ. ಸಿಮ್ ಚಾಲೂ ಆಗಿರಲಿಲ್ಲ. ಬಾಗಿಲಿನಿಂದ ಸ್ವಲ್ಪ ದೂರ ಹೋದ ಮೇಲೆ ವೈಫೈಯೂ ಹೋಯಿತು. ತಿರುಗಿ ಒಳಗೆ ಹೋಗಲು ಬಿಡುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಬಂದವರ ಬಾಗಿಲು ದಾಟಿದರೆ ಆಯಿತು, ಕೌಂಟರಿನವರನ್ನು ಪುನಃ ಕೇಳುವ ಹಾಗಿಲ್ಲ. ಎರಡು ಪೆಟ್ಟಿಗೆ ಹಿಡಿದುಕೊಂಡು ಅರ್ಧ ಗಂಟೆ ನಿಂತೆ. ಅಳಿಯನ ನಂಬರ್ ಬಾಯಿಪಾಠ ಇತ್ತು, ಆದರೆ ಯಾರನ್ನು ಕೇಳುವುದು?

ಕೇಳಿದ್ದು ನಮ್ಮ ಕಡೆಯ ಮೊಗ್ರಾಲಿನ ಒಬ್ಬರು ಇಕ್ಕನನ್ನು (ನಮ್ಮಲ್ಲಿ ಮುಸ್ಲಿಂ ಅಣ್ಣಂದಿರನ್ನು ಹಾಗೆ ಕರೆಯುವುದು). ನಮ್ಮ ವಿಮಾನದಲ್ಲೇ ಬಂದವರು. "ಅಕ್ಕ, ನನ್ನ ಹಾಟ್‌ಸ್ಪಾಟ್ ಹಾಕ್ತೇನೆ, ನೀವು ಮೆಸೇಜ್ ಮಾಡಿ" ಎಂದರು. ಆಮೇಲೆ ತಮ್ಮ ಫೋನಿನಿಂದಲೇ ಅಳಿಯನಿಗೆ ಮಾತಾಡಿ, ಎಲ್ಲಿ ನಿಂತಿದ್ದೇವೆಂದು ಹೇಳಿ, ಕಾರು ಬರುವವರೆಗೂ ಕಾದರು. ಅವರ ಮನೆಯವರು ಬಂದು ನಿಂತಿದ್ದರೂ ಹೋಗಲಿಲ್ಲ. ಅವರ ಹೆಸರು ಕೇಳಲೂ ನೆನಪಾಗಲಿಲ್ಲ ನನಗೆ. ಸಿಮ್ ಚಾಲೂ ಆದದ್ದು ಕಾರಿನಲ್ಲಿ ಕೂತ ಮೇಲೆ.

ಎರಡು ವಾರ ಕಳೆದು ಅಳಿಯ ದುಬೈಯ ಕರಾಮಾ ಎಂಬ ಪೇಟೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿದೆವು. ಅದರ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಎಂಟು ಮೇಜು, ಅಷ್ಟೇ. ಗದ್ದಲ ಜಾಸ್ತಿ, ನಿಂತು ಕಾಯಬೇಕು. ನನಗೆ ಗದ್ದಲ ಆಗುವುದಿಲ್ಲ, ಆದರೂ ಅಲ್ಲಿ ಕಾದೆ. 15 ದಿರ್ಹಮಿಗೆ ಊಟ. ಸಾರಿಗೆ ಇಂಗಿನ ಪರಿಮಳ, ಕುಂಬಳಕಾಯಿ ಮಜ್ಜಿಗೆಹುಳಿಗೆ ಹದವಾದ ಹುಳಿ, ತೊಂಡೆಕಾಯಿ ಪಲ್ಯಕ್ಕೆ ತೆಂಗಿನಕಾಯಿ ಕೈಬಿಚ್ಚಿ ಹಾಕಿದ್ದರು. ಕೇಳಿದಷ್ಟು ಅನ್ನ. ಬಡಿಸುತ್ತಿದ್ದವರು ಕುಂಬಳೆಯವರು, ನನ್ನ ಮಾತು ಕೇಳಿ "ಅಮ್ಮ, ನೀವು ಪೆರ್ಲದ ಕಡೆಯಾ?" ಎಂದರು. ಎರಡನೇ ಸಲ ಮಜ್ಜಿಗೆಹುಳಿ ತಂದು ಹಾಕಿದರು. ಆಮೇಲೆ ಗೋಳಿಬಜೆ, ಬಿಸಿ ಬಿಸಿ, ಒಳಗೆ ಮೆತ್ತಗೆ. ಎರಡು ತಿಂಗಳಲ್ಲಿ ನಾಲ್ಕು ಸಲ ಹೋದೆ. ಕರಾಮಾದಲ್ಲಿ ಇಂಥ ಭಾರತದ ಹೋಟೆಲು ತುಂಬ ಇವೆ. ದೊಡ್ಡ ಮಾಲಿನ ಊಟಕ್ಕೆ ದುಡ್ಡು ಹಾಕಬೇಡಿ.

ಆ ಹೋಟೆಲಿನ ಪಕ್ಕದಲ್ಲೇ ಮೊಬೈಲ್ ಅಂಗಡಿ. ಸುಮ್ನೆ ಕೇಳಿದೆ. ಪ್ರವಾಸಿಗಳ ಸಿಮ್, ನನ್ನದರ ಹಾಗೆಯೇ 28 ದಿನದ್ದು, 49 ದಿರ್ಹಮಿಗೆ ಸಿಗುತ್ತಿತ್ತು. ಡೇಟಾ ಕಡಿಮೆ. ಆದರೆ ಮನೆಯಲ್ಲಿ ವೈಫೈ ಇರುವ ನನಗೆ ಜಾಸ್ತಿ ಯಾಕೆ? ಮಕ್ಕಳ ಮನೆಗೆ ಹೋಗುವವರು ಏರ್‌ಪೋರ್ಟಿನಲ್ಲಿ ಸಿಮ್ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ಒಳಗಿನ ವೈಫೈಯಲ್ಲಿ ಮೆಸೇಜ್ ಹಾಕಿ, ಯಾವ ಬಾಗಿಲಿನ ಹತ್ತಿರ ನಿಲ್ಲುವುದೆಂದು ಬರೆದು ಗಟ್ಟಿ ಮಾಡಿಕೊಂಡು, ಆಮೇಲೆ ಹೊರಗೆ ಬನ್ನಿ. ಸಿಮ್ ಮರುದಿನ ಪೇಟೆಯಲ್ಲಿ. ಅಲ್ಲೇ ತೆಗೆದುಕೊಳ್ಳಲೇಬೇಕಾದರೆ ಫೋನಿನಲ್ಲಿ ನೆಟ್ ಬಂದು ಒಂದು ಪೇಜ್ ತೆರೆಯುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.

ಫೆಬ್ರವರಿಯಲ್ಲಿ ನನ್ನ ತಂಗಿ ಹೋದಳು. ಅವಳಿಗೆ ಊರಲ್ಲೇ ಇಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಹಾಕಿ ಕಳಿಸಿದೆವು. *#06# ಒತ್ತಿದಾಗ ಇಐಡಿ ಎಂಬ ಉದ್ದದ ನಂಬರ್ ಕಂಡರೆ ಆ ಫೋನಿಗೆ ಇಸಿಮ್ ಆಗುತ್ತದೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಫೋನಾದರೆ ಅಲ್ಲಿಯ ಕಂಪನಿಯ ಲಾಕ್ ಇರಬಹುದು, ನೋಡಿಕೊಳ್ಳಿ. ಇಸಿಮ್ ಇಳಿಸಲೂ ನೆಟ್ ಬೇಕು, ಆದ್ದರಿಂದ ಮನೆಯ ವೈಫೈಯಲ್ಲೇ ಮಾಡಿ. ಕ್ಯೂಆರ್ ಕೋಡನ್ನು ಇನ್ನೊಂದು ಫೋನಿನಲ್ಲಿ ತೋರಿಸಿ ಸ್ಕ್ಯಾನ್ ಮಾಡುವುದು ಸುಲಭ. ಒಮ್ಮೆ ಹಾಕಿದ್ದನ್ನು ಡಿಲೀಟ್ ಮಾಡಬೇಡಿ, ಅದೇ ಕೋಡ್ ಎರಡನೇ ಸಲ ಹೆಚ್ಚಾಗಿ ನಡೆಯುವುದಿಲ್ಲ. ಅಲ್ಲಿ ಇಳಿದ ಮೇಲೆ ಇಸಿಮ್ಮಿಗೆ ಡೇಟಾ ರೋಮಿಂಗ್ ಆನ್, ಊರಿನ ಸಿಮ್ಮಿಗೆ ಆಫ್. ತಂಗಿ ಪೆಟ್ಟಿಗೆ ಬರುವ ಮೊದಲೇ ಮಗನಿಗೆ ಫೋಟೋ ಕಳಿಸಿದ್ದಳು.

ಊರಿನ ಸಿಮ್ ತೆಗೆದು ಬಿಸಾಡಬೇಡಿ, ಫೋನಿನಲ್ಲೇ ಇರಲಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲು ಅದಕ್ಕೆ ಮೆಸೇಜ್ ಬರುವ ಹಾಗೆ ರೋಮಿಂಗ್ ಚಾಲೂ ಮಾಡಿಸಿ (ಆಫ್ ಇಡಬೇಕಾದದ್ದು ಡೇಟಾ ರೋಮಿಂಗ್ ಮಾತ್ರ), ತಿರುಗಿ ಬರುವ ದಿನದವರೆಗೆ ರೀಚಾರ್ಜ್ ಮುಗಿಯದ ಹಾಗೆ ನೋಡಿಕೊಳ್ಳಿ. 60 ದಿನದ ವೀಸಾದಲ್ಲಿ ಹೋಗಿ 28 ದಿನದ ರೀಚಾರ್ಜ್ ಮಾಡಿಸಿದರೆ ಅರ್ಧದಲ್ಲಿ ನಿಲ್ಲುತ್ತದೆ.

ಬೋಟಿಮ್ ಎರಡೂ ಕಡೆ ಬೇಕು. ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ನಮ್ಮ ಇವರಿಗೆ ಅದನ್ನು ಹಾಕಿಕೊಡಲು ಪಕ್ಕದ ಮನೆಯ ಹುಡುಗ ಬರಬೇಕಾಯಿತು, ಅಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಯಾರಾದರೂ ವಿಪಿಎನ್ (ಇಂಥ ತಡೆ ದಾಟಿಸುವ ಆ್ಯಪ್) ಹಾಕಿ ವಾಟ್ಸಾಪ್ ಕಾಲ್ ಮಾಡಿ ಎಂದರೆ ಕೇಳಬೇಡಿ, ಅಲ್ಲಿನ ಕಾನೂನು ಕಟ್ಟುನಿಟ್ಟು. ಹೊರಡುವ ಹಿಂದಿನ ದಿನ ಮನೆಯಲ್ಲಿ ಉಳಿಯುವವರ ಫೋನಿಗೂ ಬೋಟಿಮ್ ಹಾಕಿ, ಅವರನ್ನು ಅಂಗಳದಲ್ಲಿ ನಿಲ್ಲಿಸಿ, ನೀವು ಒಳಗಿನಿಂದ ಒಂದು ಸಲ ಕಾಲ್ ಮಾಡಿ ಮಾತಾಡಿಸಿ ನೋಡಿ.