ಬ್ಯಾರಲ್ ಒಳಗಿನ 200 ಕೆಜಿ ಪ್ಲಾಂಟೇಶನ್ ಎ

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಕಾಫಿ ಬೀಜ ಸುಲಿದು ಗ್ರೇಡ್ ಮಾಡುವ ಕಡೆ, ಕಪ್ಪಿಂಗ್ ನನ್ನ ಕೆಲಸ. ಕಾಫಿ ಮೂಸಿ, ರುಚಿ ನೋಡಿ ಗುಣ ಹೇಳೋದು. ಹೀರೋದು, ಉಗಿಯೋದು, ಶೀಟ್ ತುಂಬೋದು. ತೋಟದವರು ಎದುರಿಗೇ ಮುಖ ಊದಿಸಿಕೊಂಡು ಕೂತಿದ್ದರೂ 'ಫೌಲ್', ಕೆಟ್ಟ ಮಾಲು ಅಂತ ಬರೆಯೋಕೆ ನನ್ನ ಕೈ ನಡುಗುವುದಿಲ್ಲ. ಅಂಥ ನಾನು ಹೋದ ವರ್ಷ ಒಂದು ವೈನರಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಶುರುವಾಗಿದ್ದು ನಮ್ಮ ಮಾರ್ಕೆಟಿಂಗ್ ಹುಡುಗನಿಂದ. ವೈನ್ ಬ್ಯಾರಲ್‌ನಲ್ಲಿ ಹಸಿ ಕಾಫಿ ಬೀಜ ಇಟ್ಟು ಆಮೇಲೆ ಹುರಿದರೆ ಬೆಂಗಳೂರಿನಲ್ಲಿ ಮೂರು ಪಟ್ಟು ರೇಟು ಸಿಗುತ್ತೆ ಅಂತ ಎಂ.ಡಿ. ತಲೆಗೆ ತುಂಬಿದ. ಬೀಜದ ತೇವ ಅಳೆಯುವ ಮೌಶ್ಚರ್ ಮೀಟರ್ ಹಾಳಾಗಿ ಎರಡು ತಿಂಗಳಾಗಿತ್ತು, ಅದಕ್ಕೆ ದುಡ್ಡಿಲ್ಲ. ಬ್ಯಾರಲ್‌ಗೆ ಮಾತ್ರ ಆ ವಾರವೇ ಗಾಡಿ ಹೊರಟಿತು.

ಮೇ ತಿಂಗಳು. ಹಾಸನ ಜಿಲ್ಲೆಯ ಬಯಲುಸೀಮೆ ಕಡೆ ಸಣ್ಣ ವೈನರಿ. ಮೊದಲು ಆಲೂಗಡ್ಡೆ ತುಂಬುತ್ತಿದ್ದ ಗೋಡೌನಂತೆ ಅದು. ಹೊರಗೆ ಆರೇಳು ಎಕರೆ ಬಳ್ಳಿ, ಫಸಲು ಮುಗಿದು ಕಡ್ಡಿ ಕತ್ತರಿಸಿ ಚಾಟಣಿ ಮಾಡಿದ್ದರು. ಮಾಲೀಕರು ಒಳ್ಳೇ ಮನುಷ್ಯ, ಮನೆಯವರಿಂದ ಕೋಡುಬಳೆ ಮಾಡಿಸಿಟ್ಟಿದ್ದರು. ಖಾರ ತಿಂದು ಟೇಸ್ಟಿಂಗಾ ಅಂತ ನಾನು ಮುಟ್ಟಲಿಲ್ಲ. ಎಂ.ಡಿ. ಮೂರು ತಿಂದರು.

ಬಾಗಿಲ ಹತ್ತಿರ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ ಇತ್ತು. ನೆಲ ತೊಳೆದು ಇನ್ನೂ ಒಣಗಿರಲಿಲ್ಲ. 'ಪರವಾಗಿಲ್ಲ, ಕ್ಲೀನಾಗಿ ಇಟ್ಟಿದ್ದಾರೆ' ಅಂದುಕೊಂಡೆ. ಆ ಬಕೆಟ್ ಆಮೇಲೆ ನನ್ನ ಕನಸಿನಲ್ಲೂ ಬಂದಿದೆ.

ಮೊದಲು ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಕೊಟ್ಟರು. ತಣ್ಣಗೆ, ಹುಳಿಹುಳಿಯಾಗಿ ಚೆನ್ನಾಗಿತ್ತು. ನಾನು ಅಭ್ಯಾಸಬಲದಿಂದ ಕಾಫಿ ಹೀರಿದ ಹಾಗೆ ಸೊರ್ ಅಂತ ಹೀರಿದೆ. ಎಂ.ಡಿ. ನನ್ನನ್ನೇ ನೋಡಿದರು. ಅಲ್ಲಿಗೆ ಮುದುಡಿಕೊಂಡೆ. ಇದು ನನ್ನ ಜಾಗ ಅಲ್ಲ, ಸುಮ್ನೆ ಇರೋಣ ಅನಿಸಿತು.

ಆಮೇಲೆ ಮಾಲೀಕರು ಬ್ಯಾರಲ್‌ಗಳ ಸಾಲಿಗೆ ಕರೆದುಕೊಂಡು ಹೋದರು. 225 ಲೀಟರಿನವು. ನಮಗೆ ಕೊಡಲಿದ್ದ ಎರಡರಲ್ಲಿ ಇನ್ನೂ ಶಿರಾಜ್ ಅನ್ನೋ ಕೆಂಪು ವೈನ್ ಇತ್ತು, ಮುಂದಿನ ವಾರ ಬಾಟಲಿಗೆ. ಮೇಲಿನ ಬಿರಡೆ ಕಿತ್ತು, ಉದ್ದನೆ ಗಾಜಿನ ಕೊಳವೆ ಇಳಿಬಿಟ್ಟು, ತುದಿಗೆ ಹೆಬ್ಬೆರಳು ಒತ್ತಿ ಮೇಲೆತ್ತಿದರು. ಅವರ ಉಗುರಿನ ಸಂದಿಯೆಲ್ಲ ನೇರಳೆ. ಬೆರಳು ಸಡಿಲಿಸಿದ ಕೂಡಲೇ ಗ್ಲಾಸಿಗೆ ಎರಡು ಗುಟುಕು ಬಿತ್ತು.

ಮೂಗಿಟ್ಟೆ. ಒದ್ದೆ ಗೋಣಿಚೀಲ.

ಅನುಮಾನವೇ ಇಲ್ಲ. ಮಳೆಗಾಲದಲ್ಲಿ ಗೋಡೌನಿನ ಮೂಲೆಯಲ್ಲಿ ಮರೆತುಬಿಟ್ಟ ಚೀಲ ಎತ್ತಿದಾಗ ಬರುತ್ತಲ್ಲ, ಅದೇ. ಕಾಫಿಯಲ್ಲಿ ಆ ವಾಸನೆ ಬಂದರೆ ನಾನು ಎರಡನೇ ಸಲ ಯೋಚಿಸುವುದಿಲ್ಲ. ಇಲ್ಲಿ ಯೋಚಿಸಿದೆ. ಎರಡನೇ ಸಲ ಮೂಗಿಟ್ಟಾಗ ಕಡಿಮೆ ಅನಿಸಿತು. ಮೂಗು ಹಾಗೇ, ಬೇಗ ಒಗ್ಗಿಕೊಳ್ಳುತ್ತೆ. ಅದಕ್ಕೇ ಮೊದಲ ಮೂಸಿನ ಮಾತನ್ನೇ ನಂಬಬೇಕು ಅಂತ ಟ್ರೈನಿಗಳಿಗೆ ಹೇಳಿಕೊಡುವವನು ನಾನೇ.

ಎಂ.ಡಿ. ಕಣ್ಣು ಮುಚ್ಚಿ "ವುಡಿ" ಅಂದರು. ಮಾರ್ಕೆಟಿಂಗ್ ಹುಡುಗ "ತುಂಬಾ ವುಡಿ ಸಾರ್" ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಹತ್ತು ಸೆಕೆಂಡ್ ಇರಬಹುದು. ವೈನ್ ಅಂದರೆ ಹೀಗೇ ಇರುತ್ತೋ ಏನೋ, ಓಕ್ ಮರದ ವಾಸನೆಯೇ ಇದಾಗಿದ್ದರೆ, ಕೋಡುಬಳೆ ಮಾಡಿಸಿಟ್ಟ ಮನುಷ್ಯನ ಮುಂದೆ ಗೋಣಿ ಅಂದರೆ ಹೇಗೆ.

"ಓಕ್ ಚೆನ್ನಾಗಿ ಬಂದಿದೆ ಸಾರ್" ಅಂದೆ.

ಬ್ಯಾರಲ್ ಬಂದವು. ಒಂದೊಂದಕ್ಕೆ 100 ಕೆಜಿ ಪ್ಲಾಂಟೇಶನ್ ಎ, ಅಂದರೆ ಪಲ್ಪ್ ಮಾಡಿ ತೊಳೆದ ಅರೇಬಿಕಾದ ದಪ್ಪ ಬೀಜ, ಸುರಿದು, ಉರುಳಿಸೋಕೆ ಜಾಗ ಬಿಟ್ಟು ಮುಚ್ಚಿದೆವು. ಬೆಳಿಗ್ಗೆ ಸಂಜೆ ಇಬ್ಬರು ಹುಡುಗರು ಉರುಳಿಸೋದು. ಹತ್ತನೇ ದಿನದ ಸ್ಯಾಂಪಲ್ ಕಪ್ ಮಾಡಿದಾಗ ಬರೀ ದ್ರಾಕ್ಷಿ ಘಮ. ಬದುಕಿದೆ ಅಂದುಕೊಂಡೆ. ಜೂನ್ ಮಳೆ ಹಿಡಿಯಿತು. ಬೇರೆಯವರ ಮೀಟರ್ ಬೇಡಿ ತಂದು ನೋಡಿದರೆ ಮೌಶ್ಚರ್ ಶೇಕಡಾ 11ರಿಂದ 13 ದಾಟಿತ್ತು.

ಮೂವತ್ತನೇ ದಿನ ಟೇಬಲ್ ಸುತ್ತ ಜನ. ಐದು ಕಪ್, 150 ಎಂಎಲ್‌ಗೆ 8.25 ಗ್ರಾಂ ಪುಡಿ. ನೀರು ಹೊಯ್ದು ನಾಲ್ಕು ನಿಮಿಷ ಕಾಯಬೇಕು. ಆ ನಾಲ್ಕು ನಿಮಿಷ ಎಂ.ಡಿ. ಲೇಬಲ್ ಡಿಸೈನ್ ತೋರಿಸುತ್ತಿದ್ದರು. ನಾನು ಮೊದಲ ಕಪ್ಪಿನ ಕ್ರಸ್ಟ್, ಮೇಲೆ ತೇಲಿದ ಪುಡಿಯ ಪದರ, ಒಡೆದೆ. ಗೋಣಿ. ಎರಡನೆಯದು, ಗೋಣಿ. ಐದನೆಯದನ್ನು ಒಡೆಯೋಕೆ ಚಮಚ ಎತ್ತುವ ಹೊತ್ತಿಗೆ, ಸ್ಯಾಂಪಲ್ ತಂದುಕೊಟ್ಟು ಬಾಗಿಲಲ್ಲೇ ನಿಂತಿದ್ದ ಗಾರ್ಬಲಿಂಗ್ ಶೆಡ್ಡಿನ (ಕೆಟ್ಟ ಬೀಜ ಆರಿಸುವ ಕಡೆಯ) ಅಕ್ಕ ಕೇಳಿದರು: "ಸಾರ್, ಚೀಲ ಏನಾದ್ರೂ ನೆಂದೋಯ್ತಾ?"

ಬ್ರೆಜಿಲ್ ಕಾಫಿಯಲ್ಲಿ 'ರಿಯೋ' ಅನ್ನುವ ದೋಷಕ್ಕೂ, ವೈನಿನವರು ಕಾರ್ಕ್ ಹಾಳಾಗಿದೆ ಅನ್ನುವುದಕ್ಕೂ ಮೂಲ ಒಂದೇ, ಟಿಸಿಎ (ಟ್ರೈಕ್ಲೋರೋಅನಿಸೋಲ್) ಅನ್ನೋ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತೆ. ಮರ, ಬೂಸ್ಟು, ಕ್ಲೋರಿನ್ ಮೂರೂ ಒಂದು ಕಡೆ ಸೇರಿದರೆ ಹುಟ್ಟುತ್ತೆ. ಅದಕ್ಕೇ ಬ್ಯಾರಲ್ ಇರುವ ಜಾಗದಲ್ಲಿ ಬ್ಲೀಚ್ ಬಳಸಬಾರದು. ಇದನ್ನೆಲ್ಲ ಅವತ್ತು ರಾತ್ರಿ ಓದಿ ತಿಳಿದುಕೊಂಡೆ. ಕುಡಿದವರಿಗೆ ಅಪಾಯವೇನಿಲ್ಲ. ಆದರೆ ಕುಡಿಯುವವರು ಬೇಕಲ್ವಾ?

"ಮಾನ್ಸೂನ್ಡ್ ಮಲಬಾರ್ ಕೂಡ ಹೀಗೇ ಅಲ್ವೇನ್ರೀ, ಹಾಗೇ ಮಾರೋಣ" ಅಂದರು ಎಂ.ಡಿ. ಮಾನ್ಸೂನ್ಡ್ ಬೀಜ ಕರಾವಳಿಯ ಗಾಳಿಯಲ್ಲಿ ವಾರಗಟ್ಟಲೆ ಹರವಿ, ಕೆದಕಿ, ಚೀಲ ಬದಲಿಸಿ ಮಾಡುವ ಮಾಲು, ಇದು ಕೊಳೆತ ಮಾಲು ಅಂದೆ. ಅವತ್ತು ಸಿಕ್ಕ ಧೈರ್ಯ ಮೇ ತಿಂಗಳಲ್ಲಿ ಎಲ್ಲಿ ಹೋಗಿತ್ತೋ.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ಅಲ್ಲಿ ವೈನ್ ಮೂಸಿದಾಗ ನಿಮಗೆ ಗೊತ್ತಾಗಲಿಲ್ವಾ?"

"ಇಲ್ಲ ಸಾರ್."

ಆ ಸುಳ್ಳು ಇವತ್ತಿಗೂ ಹಾಗೇ ಇದೆ. ಈಗ ಯಾವ ಹೊಸ ಜಾಗಕ್ಕೆ ಹೋದರೂ ಮೂಸಿದ್ದನ್ನು ಬೇರೆಯವರು ಬಾಯಿ ತೆಗೆಯುವ ಮೊದಲೇ ಜೇಬಿನ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ವೈನರಿಯವರಿಗೆ ಬಕೆಟ್ ವಿಷಯ ಫೋನ್ ಮಾಡಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅವತ್ತೇ ಹೇಳಬಾರದಿತ್ತಾ ಸಾರ್, ಆ ಶಿರಾಜ್ ಬಾಟಲಿಗೆ ಹಾಕಿಬಿಟ್ಟೆನಲ್ಲ" ಅಂದರು.

ಬ್ಯಾರಲ್ ಎರಡೂ ಈಗ ನಮ್ಮ ಗೇಟಿನ ಪಕ್ಕ ಅಲಂಕಾರಕ್ಕಿವೆ. ಬಂದವರು ಒರಗಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮಳೆ ಬಂದ ದಿನ ನಾನು ಹಿಂದಿನ ಬಾಗಿಲಿನಿಂದ ಬರುತ್ತೇನೆ.